ಸೋಡಚೀಟಿಗೆ ಸಹಿ ಬೀಳುವ ಮುಂಚೆ

ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಾದ ಶ್ರೀಮತಿ ಲಕ್ಷ್ಮೀ ಹೆಬ್ಬಾಳಕರ ಅವರಿಗೆ,

ಬೆಳಗಾವಿಯವರಾದ ತಮಗೆ ಸೋಡಚೀಟಿ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹಳ್ಳಿಗಳಲ್ಲಿ ಗಂಡ ಹೆಂಡತಿ ಬೇರೆಯಾಗುವುದು ಇವತ್ತಿಗೂ ಎಷ್ಟೋ ಸಲ ಗುಡಿಕಟ್ಟೆಯ ಮೇಲೆ, ಹಿರಿಯರ ಎದುರಿಗೆ. ಛಾಪಾ ಕಾಗದ ತರಿಸಿ, ಇಬ್ಬರೂ ಒಪ್ಪಿ ಬೇರೆಯಾಗಿದ್ದೇವೆ, ಇನ್ನು ಒಬ್ಬರ ಮೇಲೊಬ್ಬರದು ಯಾವ ತಕರಾರೂ ಇಲ್ಲ ಎಂದು ಬರೆಸುತ್ತಾರೆ. ಕೊಟ್ಟ ಬಂಗಾರದಲ್ಲಿ ಒಂದಿಷ್ಟು ವಾಪಸು, ಹಂಡೆ-ಕೊಡ ವಾಪಸು, ಕೊನೆಗೆ ಹುಡುಗಿಯ ಸಹಿ. ಮೇಲೆ ನೋಟರಿ ಮುದ್ರೆಯೂ ಬಿದ್ದರಂತೂ ಮುಗಿಯಿತು, ಕೋರ್ಟೇ ತೀರ್ಪು ಕೊಟ್ಟಿತೆಂಬ ನಂಬಿಕೆ.

ಆ ಕಾಗದ ವಿಚ್ಛೇದನವಲ್ಲ. ಸಮುದಾಯದ ರೂಢಿ ಅದೇ ಎಂದು ಕೋರ್ಟಿನಲ್ಲಿ ಸಾಬೀತುಪಡಿಸಿದರೆ ಮಾತು ಬೇರೆ, ಆದರೆ ಅದು ಸಲೀಸಿನ ಕೆಲಸವಲ್ಲ. ವಿಚ್ಛೇದನ ಆಗದಿದ್ದರೂ ಅದರಿಂದಾಗುವ ಹಾನಿ ಮಾತ್ರ ನಿಜ. ಜೀವನಾಂಶ ಕೊಡಿಸುತ್ತಿದ್ದ ದಂಡ ಪ್ರಕ್ರಿಯಾ ಸಂಹಿತೆಯ ಹಳೆಯ 125ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಪರಸ್ಪರ ಒಪ್ಪಿಗೆಯಿಂದ ಬೇರೆ ಇರುವ ಹೆಂಡತಿಗೆ ಜೀವನಾಂಶ ಸಿಗದು ಎಂಬ ಮಾತು ಅಲ್ಲಿಯೂ ಉಳಿದಿದೆ. ಹೊಡೆತ ತಾಳದೆ ತವರಿಗೆ ಬಂದವಳು ಎರಡು ವರ್ಷ ಬಿಟ್ಟು ಅರ್ಜಿ ಹಾಕಿದಾಗ, ಎದುರು ಪಕ್ಷದ ವಕೀಲರು ಮೊದಲು ತೆಗೆದು ಮೇಜಿನ ಮೇಲಿಡುವುದು ಅದೇ ಛಾಪಾ ಕಾಗದವನ್ನು. ಅವಳು ಹಿರಿಯರ ಮಾತು ಮೀರಬಾರದೆಂದು ಮಾಡಿದ ಸಹಿ ಅವಳ ಮಕ್ಕಳ ಊಟಕ್ಕೇ ಅಡ್ಡ ನಿಲ್ಲುತ್ತದೆಂದು ತಿಳಿದು ತವರಿನವರು ಹೌಹಾರುತ್ತಾರೆ. (ಮಕ್ಕಳ ಹಕ್ಕನ್ನು ಆ ಕಾಗದ ಕಿತ್ತುಕೊಳ್ಳಲಾರದು. ಅದನ್ನು ಹೇಳುವವರಾದರೂ ಯಾರು?)

ಸಹಿಗೆ ಮುಂಚೆ ಇದನ್ನೆಲ್ಲ ಹೇಳಬೇಕಾದವರು ಒಬ್ಬರಿದ್ದಾರೆ, ಅವರು ತಮ್ಮ ಇಲಾಖೆಯವರೇ. ಅದಕ್ಕೇ ಈ ಪತ್ರ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ನಮ್ಮಂಥ ಜಿಲ್ಲೆಗೆ ಹೇಳಿ ಮಾಡಿಸಿದ ಕಾಯ್ದೆ ಅದು. ಅರ್ಜಿಗೆ ಬೆಂಗಳೂರಿಗೂ ಧಾರವಾಡಕ್ಕೂ ಓಡಬೇಕಿಲ್ಲ. ಬ್ಯಾಡಗಿಯ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲೇ ಹಾಕಬಹುದು. ಗಂಡನ ಮನೆ ಎಲ್ಲಿಯೇ ಇರಲಿ, ಸದ್ಯಕ್ಕೆ ತವರಿನಲ್ಲಿದ್ದರೆ ತವರಿನ ತಾಲ್ಲೂಕೇ ಸಾಕು. ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದೊಳಗೆ ತೀರ್ಮಾನಕ್ಕೆ ಯತ್ನ ಎಂದು ಕಾಯ್ದೆಯೇ ಹೇಳುತ್ತದೆ. ಮನೆಯಲ್ಲಿ ವಾಸದ ಹಕ್ಕು, ಖರ್ಚಿಗೆ ಹಣ, ಮಕ್ಕಳ ಸುಪರ್ದಿ, ಎಲ್ಲಕ್ಕೂ ಒಂದೇ ಅರ್ಜಿ. ವಕೀಲರ ಫೀಯ ಚಿಂತೆಯೂ ಬೇಡ. ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ, 15100ಕ್ಕೆ ಫೋನ್ ಮಾಡಿ ಕೇಳಬಹುದು.

ಇವನ್ನೆಲ್ಲ ಜೋಡಿಸಿ ಕೊಡುವ ಕೊಂಡಿ ಸಂರಕ್ಷಣಾಧಿಕಾರಿ. ಹೆಂಗಸಿನ ಮಾತು ಕೇಳಿ ಕೌಟುಂಬಿಕ ಘಟನಾ ವರದಿ ಬರೆಯುವುದು, ಆಸ್ಪತ್ರೆಗೆ ಕರೆದೊಯ್ಯುವುದು, ಉಚಿತ ವಕೀಲರನ್ನು ಕೊಡಿಸುವುದು, ಕೋರ್ಟಿನ ನೋಟಿಸು ತಲುಪಿಸುವುದು, ಹಣದ ಆದೇಶ ಜಾರಿಯಾಯಿತೇ ಎಂದು ನೋಡುವುದು ಎಲ್ಲವೂ ಅವರ ಪಾಲಿನದು. ಕರ್ನಾಟಕದಲ್ಲಿ ಈ ಜವಾಬ್ದಾರಿಯನ್ನು ಹೆಚ್ಚುವರಿಯಾಗಿ ಹೊತ್ತವರು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಅಂದರೆ ಸಿಡಿಪಿಒಗಳು. ಆ ಅಧಿಕಾರಿಯ ದಿನಚರಿ ತಮಗೇ ಚೆನ್ನಾಗಿ ಗೊತ್ತು: ಅಂಗನವಾಡಿಗಳ ಮೊಟ್ಟೆ, ಹಾಲಿನಪುಡಿ, ಬಾಡಿಗೆ ಕಟ್ಟಡ, ನೇಮಕಾತಿಯ ತಕರಾರು, ಸಾಲದ್ದಕ್ಕೆ ಗೃಹಲಕ್ಷ್ಮಿ. ಅದರ ನಡುವೆ ತುಟಿ ಒಡೆದುಕೊಂಡು ಬಂದವಳಿಗೆ ಸಿಗುವ ಉತ್ತರ, ‘ಮೇಡಂ ಮೀಟಿಂಗಿಗೆ ಹೋಗ್ಯಾರ, ನಾಳೆ ಬಾ.’ ಮ್ಯಾಜಿಸ್ಟ್ರೇಟರು ಸಂರಕ್ಷಣಾ ಆದೇಶದಲ್ಲಿ ಹೊರಿಸಿದ ಕರ್ತವ್ಯವನ್ನು ಸಕಾರಣವಿಲ್ಲದೆ ತಪ್ಪಿದರೆ ಇದೇ ಅಧಿಕಾರಿಗೆ ಒಂದು ವರ್ಷದವರೆಗೆ ಜೈಲೆಂದೂ ಕಾಯ್ದೆಯಲ್ಲಿದೆ. ಸಿಡಿಪಿಒಗಳ ಬಗ್ಗೆ ನನಗೆ ಸಿಟ್ಟಿಲ್ಲ, ಕನಿಕರವಿದೆ.

ನಾಳೆ ಬರುವುದು ಅಷ್ಟು ಸುಲಭವೂ ಅಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಗಿದೆ, ನಿಜ. ಇದು ಕೋರ್ಟಿಗೆ ಅಲೆಯುವ ಹೆಣ್ಣುಮಕ್ಕಳಿಗೆ ಎಷ್ಟು ದೊಡ್ಡ ಉಪಕಾರವೆಂದು ನಗರದಲ್ಲಿ ಕುಳಿತು ಗೇಲಿ ಮಾಡುವವರಿಗೆ ತಿಳಿಯದು. ಆದರೆ ಕೂಲಿ? ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸು ಸೆರಗನ್ನು ಮೂಗಿಗೆ ಬಿಗಿದು, ಘಾಟಿನಲ್ಲಿ ಸೀನುತ್ತ, ಬೆರಳು ಉರಿಯುತ್ತಿದ್ದರೂ ಸಂಜೆವರೆಗೆ ಕೂರುತ್ತಾಳೆ. ದುಡ್ಡು ಬಿಡಿಸಿದ ತೂಕಕ್ಕೆ. ರಾಣೆಬೆನ್ನೂರಿನ ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್, ಅಂದರೆ ಕೈಯಿಂದ ಪರಾಗಸ್ಪರ್ಶ, ಮಾಡುವವಳು ಹೂವಿನ ಹೊತ್ತು ತಪ್ಪಿಸುವಂತಿಲ್ಲ. ಒಂದು ದಿನ ಹೋದರೆ ಒಂದು ದಿನದ ಊಟ ಹೋಯಿತು. ಎರಡು ಸಲ ಬರಿಗೈಲಿ ವಾಪಸಾದವಳು ಮೂರನೇ ಸಲ ಹಿರಿಯರ ಕಟ್ಟೆಗೇ ಹೋಗುತ್ತಾಳೆ. ಅವರಾದರೂ ರಾತ್ರಿ ಎಂಟಕ್ಕೆ ಸಿಗುತ್ತಾರಲ್ಲ!

ರಾಜಿಯ ಬಗ್ಗೆಯೂ ಒಂದು ಮಾತು. ಲೋಕ ಅದಾಲತ್ತಿನ ಮರುದಿನ ಹಾರ ಬದಲಾಯಿಸಿಕೊಂಡ ದಂಪತಿಯ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಕೂಡಿ ಬಾಳುವವರು ಬಾಳಲಿ. ಆದರೆ ಆ ಫೋಟೊದಲ್ಲಿದ್ದವಳನ್ನು ಆರು ತಿಂಗಳ ಮೇಲೆ ಹೋಗಿ ವಿಚಾರಿಸಿದವರು ಯಾರು? ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿಯ ನಿಯಮ 14 ಇಲ್ಲಿ ಬಹಳ ಜಾಣತನದ್ದು. ಆಪ್ತ ಸಮಾಲೋಚನೆಯಲ್ಲಿ ಗಂಡ ತಾನು ಹೊಡೆದದ್ದಕ್ಕೆ ಸಮರ್ಥನೆ ಕೊಡುವಂತಿಲ್ಲ, ಮುಂದೆ ಹೊಡೆಯುವುದಿಲ್ಲವೆಂದು ಮುಚ್ಚಳಿಕೆ ಕೊಡಬೇಕು. ನಮ್ಮ ಕಟ್ಟೆಗಳಲ್ಲಿ ನಡೆಯುವುದು ಉಲ್ಟಾ. ಅವನು ಯಾಕೆ ಹೊಡೆದ ಎಂಬುದರಲ್ಲೇ ಅರ್ಧ ದಿನ ಕಳೆದು, ತಪ್ಪೆಲ್ಲ ಅವಳ ನಾಲಿಗೆಯದೆಂದು ತೀರ್ಮಾನವಾಗುತ್ತದೆ.

2025ರ ಮೇ 20ರಂದು, ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಸಂರಕ್ಷಣಾಧಿಕಾರಿಗಳಿಲ್ಲದ ಕಡೆ ಜಿಲ್ಲೆ, ತಾಲ್ಲೂಕು ಮಟ್ಟದ ಅಧಿಕಾರಿಗಳನ್ನು ಗುರುತಿಸಿ 6 ವಾರದೊಳಗೆ ನೇಮಿಸಲು ಎಲ್ಲ ರಾಜ್ಯಗಳಿಗೆ ಹೇಳಿತು. ಕರ್ನಾಟಕಕ್ಕೆ ಇದು ಕಾಗದದ ಮೇಲೆ ಸುಲಭ, ಸಿಡಿಪಿಒಗಳ ಪಟ್ಟಿಯೇ ಉತ್ತರವಾಗಿಬಿಡುತ್ತದೆ. ಆ ಉತ್ತರಕ್ಕೆ ತಾವು ತೃಪ್ತರಾಗಬಾರದೆಂಬುದೇ ನನ್ನ ವಿನಂತಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಈ ಮೂರು ಕಡೆಯಾದರೂ ಬೇರೆ ಯಾವ ಹೊಣೆಯೂ ಇಲ್ಲದ ಒಬ್ಬೊಬ್ಬ ಸಂರಕ್ಷಣಾಧಿಕಾರಿಯನ್ನು ಕೊಡಿ. ಅವರನ್ನು ಕೋರ್ಟಿನ ಆವರಣದಲ್ಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯ ಪಕ್ಕದಲ್ಲೇ ಕೂರಿಸಿ. ಬ್ಯಾಡಗಿಯಲ್ಲಿ ಮಾರುಕಟ್ಟೆಯ ದಿನಗಳಾದ ಸೋಮವಾರ, ಗುರುವಾರ ಕತ್ತಲಾಗುವವರೆಗೆ ಬಾಗಿಲು ತೆರೆದಿರಲಿ. ಆ ದಿನ ಪೇಟೆಗೆ ಹೊರಟವಳನ್ನು ಎಲ್ಲಿಗೆ, ಯಾಕೆ ಎಂದು ಅತ್ತೆಯೂ ಕೇಳುವುದಿಲ್ಲ.

ಮನೆಯ ಯಜಮಾನಿಗೆ ತಿಂಗಳಿಗೆ ಸಿಗುವ ಗೃಹಲಕ್ಷ್ಮಿಯ 2,000 ರೂಪಾಯಿಯದೂ ಒಂದು ಗೋಳು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ. ಸೊಸೆ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದರೂ ಹೆಸರು ಆ ಕಾರ್ಡಿನಲ್ಲೇ. ಘಟನಾ ವರದಿ ದಾಖಲಾದ ಹೆಂಗಸಿಗೆ ಬೇರೆ ಕಾರ್ಡು ಬೇಗ ಸಿಗುವಂತೆ ಆಹಾರ ಇಲಾಖೆಯೊಂದಿಗೆ ತಾವು ಮಾತಾಡಿದರೆ ಮೊದಲ ತಿಂಗಳ ಅಕ್ಕಿಯ ಚಿಂತೆಯಾದರೂ ಕಳೆಯುತ್ತದೆ.

ಮುಂದಿನ ಸಲ ಹಾವೇರಿಯ ದೇವಗಿರಿಯ ಜಿಲ್ಲಾಡಳಿತ ಭವನದಲ್ಲಿ ಪರಿಶೀಲನಾ ಸಭೆ ನಡೆಸಿದಾಗ ದಯವಿಟ್ಟು ಇಷ್ಟು ಕೇಳಿ: ಈ ವರ್ಷ ತಾಲ್ಲೂಕುವಾರು ಎಷ್ಟು ಘಟನಾ ವರದಿ ಬರೆದಿರಿ, ಎಷ್ಟಕ್ಕೆ ಮಧ್ಯಂತರ ಆದೇಶ ಬಂತು, ಆದೇಶವಾದ ಹಣ ಎಷ್ಟು ಮಂದಿಯ ಕೈ ಸೇರಿತು?

ಇಂತಿ ತಮ್ಮ ವಿಶ್ವಾಸಿ,
ಹಾವೇರಿ ಜಿಲ್ಲೆಯ ಒಬ್ಬ ನಿವಾಸಿ