ದೊಡ್ಡವ್ವನ ಮೂರು ಡಬ್ಬಿಗಳು ಮತ್ತು ನಮ್ಮ ಡಿಜಿಟಲ್ ಟಿವಿ

ದಸರಾಕ್ಕೆ ಊರಿಗೆ ಹೋಗಿದ್ದೆ. ಯಲಬುರ್ಗಾ ತಾಲೂಕಿನ ಒಂದು ಹಳ್ಳಿ, ನಮ್ಮ ದೊಡ್ಡವ್ವನ ಮನೆ. ಚಹಾ ಬರೋಕ್ಕಿಂತ ಮುಂಚೆ ಕೈಗೆ ರಿಮೋಟ್ ಬಂತು. "ತಮ್ಮಾ, ನೀ ಕಂಪ್ಯೂಟರ್ ಕಲ್ತಾಂವ. ಇದನ್ನ ಒಂದೀಟು ನೋಡೋ, ನಿನ್ನಿಯಿಂದ ಟಿವಿ ಬರವಲ್ದು." ಇಂಜಿನಿಯರಿಂಗ್ ಓದಿದವರ ಹಣೆಬರಹವೇ ಇದು ಬಿಡಿ. ಬೆಂಗಳೂರಿನ ಆಫೀಸಲ್ಲಿ ಏನೇ ಕಡಿದು ಕಟ್ಟೆ ಹಾಕಿದ್ರೂ ಊರಲ್ಲಿ ನಾವು ಟಿವಿ ರಿಪೇರಿಯವರೇ :-)

ನೋಡಿದ್ರೆ ಟಿವಿ ಪಕ್ಕ ಒಂದಲ್ಲ, ಮೂರು ಸೆಟ್ ಟಾಪ್ ಬಾಕ್ಸ್! ಒಂದು, ಕೇಬಲ್ ಡಿಜಿಟಲ್ ಆದಾಗ ತಗೊಂಡದ್ದು. ಆ ಕೇಬಲ್ಲಿನವರು ಹೋಗಿ ಬೇರೆಯವರು ಬಂದಾಗ ಹಳೇದು ನಡಿಯಲ್ಲ ಅಂತ ತಗೊಂಡದ್ದು ಎರಡನೆಯದು. ತಿಂಗಳ ದುಡ್ಡು ಕಟ್ಟಿ ಕಟ್ಟಿ ಸಾಕಾಗಿ ಹಾಕಿಸಿದ ಫ್ರೀ ಡಿಶ್ಶಿನದು ಮೂರನೆಯದು. "ಮೂರಕ್ಕೂ ಎಷ್ಟಾತು ದೊಡ್ಡವ್ವ?" ಅಂದೆ. "ಒಂದು ಆಡಿನ ಮರಿ ಬರ್ತಿತ್ತು ನೋಡು" ಅಂದಳು.

ಮಾಳಿಗೆ ಮೇಲೆ ಹೋಗಿ ಡಿಶ್ಶಿನ ವೈರ್ ಬಿಗಿ ಮಾಡಿದೆ, ಟಿವಿ ಬಂತು. ಆಮೇಲೆ ಅವಳು ಹೇಳಿದ ಮಾತು ಮಾತ್ರ ತಲೆಯಿಂದ ಹೋಗ್ತಿಲ್ಲ. "ಮೊದ್ಲಿನ ಟಿವಿ ಮಳಿ ಬಂದ್ರ ಚುಕ್ಕಿ ಚುಕ್ಕಿ ಆಗ್ತಿತ್ತು, ಮಾತಾದ್ರೂ ಕೇಳ್ತಿತ್ತು. ಈಗಿಂದು ಬಂದ್ರ ಪೂರಾ ಬರ್ತೈತಿ, ಇಲ್ಲಂದ್ರ ಪೂರಾ ಇಲ್ಲ."

ಅನಲಾಗ್‌ಗೂ ಡಿಜಿಟಲ್‌ಗೂ ಇರುವ ವ್ಯತ್ಯಾಸವನ್ನ ನಮ್ಮ ಕಾಲೇಜಿನ ಮೇಷ್ಟ್ರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಆದ್ರೆ ಅವಳ ಮಾತು ಬರೀ ಸಿಗ್ನಲ್ಲಿಗಲ್ಲ, ಸರ್ಕಾರಕ್ಕೂ ಸರಿಯಾಗಿ ಹೊಂದುತ್ತೆ. ಡಿಜಿಟಲ್ ಬಂದ ಊರಿಗೆ ಪೂರಾ ಬಂತು, ಉಳಿದ ಊರಿಗೆ ಪೂರಾ ಇಲ್ಲ.

ಮೊದಲೇ ಹೇಳಿಬಿಡ್ತೀನಿ, ಅನಲಾಗ್ ಹೋಯ್ತು ಅಂತ ಅಳೋನಲ್ಲ ನಾನು. ಅನಲಾಗ್‌ನಲ್ಲಿ ಒಂದು ಚಾನೆಲ್ಲಿಗೆ 7-8 ಮೆಗಾಹರ್ಟ್ಸ್ ಬೇಕು. ಅಷ್ಟೇ ಜಾಗದಲ್ಲಿ ಡಿಜಿಟಲ್ ಆದ್ರೆ ಐದಾರು ಚಾನೆಲ್ ಆರಾಮಾಗಿ ಕೂರುತ್ವೆ. ಕರೆಂಟೂ ಉಳಿಯುತ್ತೆ. ಲಾಭ ಇರೋದು ನಿಜ. ನನ್ನ ಪ್ರಶ್ನೆ ಒಂದೇ: ಆ ಲಾಭದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದವರ ಪಾಲು ಎಲ್ಲಿ?

ನಮ್ಮ ಸೀಮೆಗೆ ಟಿವಿ ಹೊಸದೇನಲ್ಲ ಸ್ವಾಮಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಾಸಾದ ಉಪಗ್ರಹ ಎರವಲು ತಗೊಂಡು ಇಸ್ರೋ 'ಸೈಟ್' ಅನ್ನೋ ಪ್ರಯೋಗ ಮಾಡ್ತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ, ಊರಿಗೊಂದು ಟಿವಿ. ಕೋಳಿ ಗೂಡಿಗೆ ಹಾಕೋ ಜಾಳಿಗೆಯಿಂದ ಮಾಡಿದ ಡಿಶ್ಶು! ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನ. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ, ಆಗ ಈ ನಾಲ್ಕೂ ತಾಲೂಕು ರಾಯಚೂರು ಜಿಲ್ಲೆಯಲ್ಲೇ ಇದ್ದವು. 1977ರಲ್ಲಿ ಗುಲ್ಬರ್ಗದಲ್ಲಿ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ! ಅಂದ್ರೆ ಹಿಂದುಳಿದವರು ಅಂತ ಕರೆಸಿಕೊಳ್ಳೋ ನಾವು ಟಿವಿ ವಿಷಯದಲ್ಲಿ ರಾಜಧಾನಿಗಿಂತ ಮುಂದಿದ್ವಿ. ಪ್ರಯೋಗ ಮಾಡೋಕೆ ನಮ್ಮ ಹಳ್ಳಿ ಬೇಕಿತ್ತು. ಫಲ ಹಂಚೋವಾಗ?

2016ರ ಫೆಬ್ರವರಿಯಲ್ಲಿ ದೂರದರ್ಶನ 16 ನಗರಗಳಲ್ಲಿ ಗಾಳಿಯಲ್ಲೇ ಬರೋ ಡಿಜಿಟಲ್ ಪ್ರಸಾರ ಶುರು ಮಾಡ್ತು. ಒಂದು ಟ್ರಾನ್ಸ್‌ಮಿಟರಿನಿಂದ ಐದು ಚಾನೆಲ್. ಮೊಬೈಲಿಗೆ ಡಾಂಗಲ್ ಸಿಗಿಸಿ ನೋಡಿ ಅಂದ್ರು. ಕರ್ನಾಟಕದಿಂದ ಪಟ್ಟಿಯಲ್ಲಿದ್ದದ್ದು ಬೆಂಗಳೂರು ಒಂದೇ. ಗಲ್ಲಿಗೆ ಹತ್ತು ಕೇಬಲ್ಲು, ಮನೆಗೊಂದು ಬ್ರಾಡ್‌ಬ್ಯಾಂಡ್ ಇರೋ ಬೆಂಗಳೂರಿಗೆ!

ಇನ್ನು 2021ರ ಅಕ್ಟೋಬರಿನಲ್ಲಿ ಕಲಬುರಗಿಯ ಅನಲಾಗ್ ಪ್ರಸಾರ ನಿಲ್ಲಿಸ್ತಾರೆ ಅಂತ ಗದ್ದಲ ಆಯ್ತು. ಪ್ರಸಾರ ಭಾರತಿ ಏನಂತು? ಇದು ಹಳೇ ತಂತ್ರಜ್ಞಾನ, ತರಂಗಾಂತರ 5ಜಿಯಂಥ ಹೊಸ ಕೆಲಸಕ್ಕೆ ಬೇಕು, ಕಲಬುರಗಿಯ ಕಾರ್ಯಕ್ರಮಗಳು ಚಂದನದಲ್ಲಿ ಬರುತ್ವೆ ಅಂತು. ಆಯಕಟ್ಟಿನ ಸುಮಾರು 50 ಜಾಗ ಬಿಟ್ಟು ದೇಶದ ಉಳಿದ ಅನಲಾಗ್ ಟ್ರಾನ್ಸ್‌ಮಿಟರುಗಳನ್ನ 2022ರ ಮಾರ್ಚ್ 31ರೊಳಗೆ ನಿಲ್ಲಿಸೋ ಯೋಜನೆ ಅದು. ಕಲಬುರಗಿಯ ಸಿಗ್ನಲ್ ಕೊಪ್ಪಳದವರೆಗೂ ಬರ್ತಿತ್ತು ಅಂತ ನಾನು ಹೇಳ್ತಿಲ್ಲ. ನಾನು ಹೇಳ್ತಿರೋದು, ಕಲ್ಯಾಣ ಕರ್ನಾಟಕಕ್ಕೆ ಅಂತ ಇದ್ದ ಒಂದು ಗಾಳಿಯ ದಾರಿ ಮುಚ್ಚಿ, ಅದರ ಬದಲು ಗಾಳಿಯಲ್ಲಿ ಏನನ್ನೂ ಇಡಲಿಲ್ಲ ಅನ್ನೋದು. ಹಳೇ ಸೇತುವೆ ಕೆಡವೋದು ಸರಿ, ಹೊಸದು ಕಟ್ಟಿ ಕೆಡವಬೇಕಲ್ವಾ?

"ಅನಲಾಗ್ ನೋಡೋರೇ ಇರಲಿಲ್ಲ" ಅಂತಾರೆ. ಒಂದೆರಡು ಚಾನೆಲ್ ಅದೂ ಚುಕ್ಕಿ ಚುಕ್ಕಿ ಕೊಟ್ರೆ ಯಾರು ನೋಡ್ತಾರೆ? ಬಿತ್ತದೇ ಬಿಟ್ಟು ಈ ಹೊಲದಲ್ಲಿ ಬೆಳೆ ಬರಲ್ಲ ಅಂದ ಹಾಗಾಯ್ತು.

"ಫ್ರೀ ಡಿಶ್ ಇದೆಯಲ್ಲ" ಅಂತೀರಿ. ಇದೆ, 2004ರಿಂದ ಇದೆ, ಒಳ್ಳೇದೇ. ದೊಡ್ಡವ್ವನ ಮನೆಯಲ್ಲಿ ಈಗ ನಡೀತಿರೋದೂ ಅದೇ. ಆದ್ರೆ ಅದು ಇಡೀ ದೇಶಕ್ಕೆ ಒಂದೇ ಪ್ರಸಾರ. ಖಾಸಗಿಯವರಿಗೆ ಜಾಗ ಸಿಗೋದು ಹರಾಜಿನಲ್ಲಿ, ದುಡ್ಡು ಹಾಕಿದವರದ್ದು ಚಾನೆಲ್. ಹಾಗಾಗಿ ಹಿಂದಿಯ ಉದ್ದ ಸಾಲು, ಅದರ ನಡುವೆ ನಮ್ಮ ಚಂದನವನ್ನ ಹುಡುಕಬೇಕು. 2023ರಲ್ಲಿ ಕೇಂದ್ರ ಸರ್ಕಾರ 8 ಲಕ್ಷಕ್ಕೂ ಹೆಚ್ಚು ಫ್ರೀ ಡಿಶ್ ಬಾಕ್ಸುಗಳನ್ನ ಪುಕ್ಕಟೆ ಹಂಚೋ ಯೋಜನೆಗೆ ಒಪ್ಪಿಗೆ ಕೊಡ್ತು. ಯಾರಿಗೆ? ಗಡಿ, ಬುಡಕಟ್ಟು, ನಕ್ಸಲ್‌ಪೀಡಿತ ಪ್ರದೇಶಗಳಿಗೆ ಮತ್ತು 'ಮಹತ್ವಾಕಾಂಕ್ಷಿ' ಜಿಲ್ಲೆಗಳಿಗೆ. ಆ ಜಿಲ್ಲೆಗಳ ಪಟ್ಟಿಯಲ್ಲಿ ರಾಯಚೂರು ಇದೆ, ಯಾದಗಿರಿ ಇದೆ, ಕೊಪ್ಪಳ ಇಲ್ಲ. 1997ರಲ್ಲಿ ಜಿಲ್ಲೆ ಬೇರೆ ಮಾಡ್ಕೊಂಡಿದ್ದೇ ತಪ್ಪಾಯ್ತೇನೋ!

ಕೇಬಲ್ ಕಥೆ ಇನ್ನೂ ಚೆಂದ. 2011ರ ಕಾನೂನು ತಿದ್ದುಪಡಿಯಿಂದ ದೇಶದ ಕೇಬಲ್ ನಾಲ್ಕು ಹಂತದಲ್ಲಿ ಡಿಜಿಟಲ್ ಆಯ್ತು. ಬೆಂಗಳೂರು, ಮೈಸೂರಿನ ಗಡುವು 2013ರ ಮಾರ್ಚ್. ಹಳ್ಳಿಗಳದ್ದು ಮುಂದೆ ಹೋಗಿ ಹೋಗಿ 2017ರ ಮಾರ್ಚ್ 31. ಒಂದು ಟಿವಿಗೆ ಒಂದು ಡಬ್ಬಿ ಕಡ್ಡಾಯ. 2019ರ ಫೆಬ್ರವರಿಯಿಂದ ನೂರು ಚಾನೆಲ್ಲಿನ ಬುನಾದಿ ಶುಲ್ಕವೇ 130 ರೂಪಾಯಿವರೆಗೆ, ಮೇಲೆ ಜಿಎಸ್‌ಟಿ, ದುಡ್ಡಿನ ಚಾನೆಲ್ಲುಗಳು ಬೇರೆ. 2024ರಲ್ಲಿ ಆ 130ರ ಮಿತಿಯನ್ನೂ ತೆಗೆದರು.

ಸಾಫ್ಟ್‌ವೇರಿನವನಾಗಿ ನನ್ನ ಹೊಟ್ಟೆ ಉರಿಯೋದು ಡಬ್ಬಿ ವಿಷಯಕ್ಕೆ. ಒಳಗಿರೋ ಚಿಪ್ಪು ಬಹುತೇಕ ಒಂದೇ ಥರದ್ದು. ಬೇರೆ ಇರೋದು ಬೀಗ, ಅಂದ್ರೆ ಆಯಾ ಕಂಪನಿಯ ಎನ್‌ಕ್ರಿಪ್ಶನ್. ಸಿಮ್ ಬದಲಾಯಿಸಿದ್ರೆ ಫೋನ್ ಬಿಸಾಕ್ತೀವಾ? ಯಾವ ಕಂಪನಿಗಾದ್ರೂ ನಡೆಯೋ ಡಬ್ಬಿ ಬೇಕು ಅಂತ 2020ರಲ್ಲೇ ಟ್ರಾಯ್ ಶಿಫಾರಸು ಮಾಡಿದೆ. ಡಬ್ಬಿ ಕಡ್ಡಾಯ ಮಾಡೋಕೆ ಮುಂಚೆ ಆಗಬೇಕಿದ್ದ ಕೆಲಸ ಇದು. ಕಡ್ಡಾಯ ಮೊದಲು, ಶಿಫಾರಸು ಆಮೇಲೆ!

ಬೇರೆಯವರು ಹೇಗೆ ಮಾಡಿದ್ರು? ಅಮೆರಿಕದಲ್ಲಿ 2009ರಲ್ಲಿ ಅನಲಾಗ್ ನಿಲ್ಲಿಸೋ ಮುಂಚೆ ಮನೆಗೆ 40 ಡಾಲರಿನ ಎರಡು ಕೂಪನ್ ಕೊಡೋ ವ್ಯವಸ್ಥೆ ಇತ್ತು. ಬ್ರಿಟನ್ನಿನಲ್ಲಿ ವಯಸ್ಸಾದವರಿಗೆ, ಅಂಗವಿಕಲರಿಗೆ ಸಹಾಯ ಮಾಡೋ ಯೋಜನೆಯೇ ಇತ್ತು. ಎರಡೂ ಕಡೆ ಡಿಜಿಟಲ್ ಸಿಗ್ನಲ್ ಗಾಳಿಯಲ್ಲೇ ಪುಕ್ಕಟೆ ಉಳೀತು. ಅಷ್ಟು ದೂರ ಬೇಡ, ಪಕ್ಕದ ತಮಿಳುನಾಡಿನ ಅರಸು ಕೇಬಲ್ 2017ರಲ್ಲಿ ಗ್ರಾಹಕರಿಗೆ ಉಚಿತ ಡಬ್ಬಿ ಹಂಚೋಕೆ ಶುರು ಮಾಡ್ತು. ನಮ್ಮಲ್ಲಿ? ಆಡಿನ ಮರಿ ಮಾರಿ ತಗೋಬೇಕು.

"ಈಗೆಲ್ಲ ಮೊಬೈಲ್ ಕಣೋ, ಟಿವಿ ಯಾರಿಗೆ ಬೇಕು" ಅನ್ನೋ ಬೆಂಗಳೂರಿನ ಗೆಳೆಯರಿಗೆ ಒಂದು ರಾತ್ರಿ ನೆನಪಿಸ್ತೀನಿ. 2024ರ ಆಗಸ್ಟ್ 10. ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯ್ತು. ಕೆಳಗೆ ನದಿ ದಂಡೆ, ಗಂಗಾವತಿ ಕಡೆಯ ಭತ್ತದ ಗದ್ದೆಗಳು, ನೆಂಟರಿಷ್ಟರು. ನನ್ನ ವಾಟ್ಸಾಪಿಗೆ ಬಂದ ಹತ್ತು ವಿಡಿಯೋಗಳಲ್ಲಿ ಯಾವುದು ಇವತ್ತಿನದು, ಯಾವುದು ಯಾವ ಕಾಲದ್ದು ಅಂತ ಗೊತ್ತಾಗದೆ ಊರಿಗೆ ಫೋನ್ ಮೇಲೆ ಫೋನ್ ಮಾಡ್ದೆ. ಡೇಟಾ ಖಾಲಿಯಾಗದ, ತಿಂಗಳ ಬಾಡಿಗೆ ಕೇಳದ, ನಮ್ಮ ನಾಲ್ಕು ತಾಲೂಕಿನ ಸುದ್ದಿಯನ್ನ ಜವಾಬ್ದಾರಿಯಿಂದ ಹೇಳೋ ಒಂದು ಚಾನೆಲ್ ಗಾಳಿಯಲ್ಲಿ ಇರಬೇಕಿತ್ತು ಅಂತ ಅವತ್ತು ಅನಿಸ್ತು. ಹೊಸಪೇಟೆ ಆಕಾಶವಾಣಿ ಇದೆ. ರೇಡಿಯೋಗೆ ಸಾಧ್ಯ ಆಗಿದ್ದು ಟಿವಿಗೆ ಯಾಕಾಗಲ್ಲ? ಐದು ಚಾನೆಲ್ ಹಿಡಿಸೋ ಡಿಜಿಟಲ್ ಟ್ರಾನ್ಸ್‌ಮಿಟರಿನಲ್ಲಿ ಒಂದನ್ನ ಈ ಸೀಮೆಗೆ ಬಿಟ್ರೆ ಯಾರ ಗಂಟು ಹೋಗ್ತಿತ್ತು?

ನನ್ನ ಬೇಡಿಕೆ ದೊಡ್ಡದೇನಲ್ಲ. ಒಂದು, ಕೊಪ್ಪಳದಂಥ ಜಿಲ್ಲೆಗಳಿಗೆ ಗಾಳಿಯಲ್ಲಿ ಬರೋ ಡಿಜಿಟಲ್ ಪ್ರಸಾರ, ಅದರಲ್ಲಿ ಸ್ಥಳೀಯ ಸುದ್ದಿಗೆ ಜಾಗ. ಎರಡು, ಯಾವ ಕಂಪನಿಗಾದ್ರೂ ನಡೆಯೋ ಡಬ್ಬಿ. ಮೂರು, ಫ್ರೀ ಡಿಶ್ಶಿನಲ್ಲಿ ಹರಾಜಿಗೆ ಸಿಕ್ಕದ ಹಾಗೆ ಕನ್ನಡಕ್ಕೆ ಇನ್ನಷ್ಟು ಜಾಗ.

ಹೊರಡೋವಾಗ ದೊಡ್ಡವ್ವ ಹಳೇ ಎರಡು ಡಬ್ಬಿ ಚೀಲಕ್ಕೆ ಹಾಕಿ ಕೊಟ್ಟಳು. "ಬೆಂಗಳೂರಾಗ ಯಾರರ ತಗೋತಾರೇನು ನೋಡು ತಮ್ಮಾ" ಅಂತ. ಇಲ್ಲೂ ಯಾರೂ ತಗೊಳ್ಳಲ್ಲ ಅಂತ ಹೇಳೋಕೆ ಮನಸ್ಸಾಗಲಿಲ್ಲ. ಈಗ ನನ್ನ ಟೇಬಲ್ ಮೇಲೆ ಕೂತಿವೆ. ನಿಮ್ಮ ಮನೆಯಲ್ಲಿ ಇಂಥವು ಎಷ್ಟಿವೆ?