ಯಂತ್ರ ಬರೆಯುವ ಸಾಲಪತ್ರ ಮತ್ತು ನಮ್ಮ ಮೊಹಲ್ಲಾಗಳು

ಬಡವನಿಗೆ ದಾನ ಬೇಡ, ಮಾರುಕಟ್ಟೆ ಬೇಕು. ಕಳೆದ ಎರಡು-ಮೂರು ದಶಕಗಳಿಂದ ಜಾಗತಿಕ ಅಭಿವೃದ್ಧಿ ಸಂಸ್ಥೆಗಳು ಪಠಿಸುತ್ತಿರುವ ಮಂತ್ರವಿದು. ಬ್ರಿಟನ್ ಮತ್ತು ಸ್ವಿಟ್ಜರ್‌ಲೆಂಡ್‌ಗಳ ನೆರವು ಸಂಸ್ಥೆಗಳು ಇದಕ್ಕೊಂದು ಸಿದ್ಧಾಂತದ ರೂಪವನ್ನೇ ಕೊಟ್ಟವು. ಬಡವನಿಗೆ ಅಕ್ಕಿ ಕೊಟ್ಟರೆ ಅದು ನಾಲ್ಕು ದಿನಕ್ಕೆ ಮುಗಿಯುತ್ತದೆ. ಆತನನ್ನು ಮಾರುಕಟ್ಟೆಯ ಒಳಗೆ ತಂದರೆ ಆತ ಸ್ವಂತ ಕಾಲ ಮೇಲೆ ನಿಲ್ಲುತ್ತಾನೆ. ಕೇಳಲು ಇಂಪಾಗಿರುವ ಈ ವಾದದಲ್ಲಿ ಸತ್ಯವಿಲ್ಲ ಎಂದೇನೂ ಅಲ್ಲ. ಕೊಡಲಿ ಕೊಂಡು ಸೌದೆ ಕಡಿದು ಮಾರಲು ಬಡವನೊಬ್ಬನಿಗೆ ಪ್ರವಾದಿಯವರು(ಸ) ದಾರಿ ತೋರಿಸಿದ ಘಟನೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಆದರೆ ಆ ಘಟನೆಯಲ್ಲಿ ಬಡವನ ಮನೆಯ ವಸ್ತುಗಳನ್ನೇ ಮಾರಿ ಬಂದ ಹಣದಿಂದ ಬಂಡವಾಳ ಹೊಂದಿಸಲಾಯಿತು. ಬಡ್ಡಿಯ ಸಾಲದಿಂದ ಅಲ್ಲ.

ನಮ್ಮ ಊರುಗಳಲ್ಲಿ ಈ ಸಿದ್ಧಾಂತದ ಕಣ್ಣಿಗೆ ಕಾಣುವ ರೂಪವೆಂದರೆ ಕಿರುಸಾಲ. ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ 1976ರಲ್ಲಿ ಮುಹಮ್ಮದ್ ಯೂನುಸ್ ಆರಂಭಿಸಿದ ಪ್ರಯೋಗ, 2006ರಲ್ಲಿ ಅವರಿಗೂ ಅವರ ಗ್ರಾಮೀಣ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿಯನ್ನು ತಂದಿತು. ಅಷ್ಟರಲ್ಲಾಗಲೇ ಕರ್ನಾಟಕದಲ್ಲಿ ಗ್ರಾಮೀಣ ಕೂಟ (1999), ಉಜ್ಜೀವನ್ (2005) ಮುಂತಾದ ಸಂಸ್ಥೆಗಳು ಕೆಲಸ ಆರಂಭಿಸಿದ್ದವು. ಸೇವೆಯ ಭಾಷೆಯಲ್ಲಿ ಹುಟ್ಟಿದ ಈ ಕ್ಷೇತ್ರ ಕ್ರಮೇಣ ವಿದೇಶಿ ಹೂಡಿಕೆದಾರರ, ಷೇರುಪೇಟೆಯ ಕ್ಷೇತ್ರವಾಯಿತು. ದೊಡ್ಡಬಳ್ಳಾಪುರದ ಮಗ್ಗದ ಮನೆಯ ಜಗಲಿಯಲ್ಲಿ ಚಾಪೆಯ ಮೇಲೆ ಕೂತ ಹತ್ತು ಮಂದಿ ಹೆಂಗಸರು ಕಟ್ಟುವ ವಾರದ ಕಂತು, ಯುರೋಪಿನ ಯಾವುದೋ ನಗರದ ಹೂಡಿಕೆದಾರನ ಲಾಭಾಂಶದ ಲೆಕ್ಕಕ್ಕೆ ಸೇರುವಂತಾಯಿತು.

ಈಗ ಈ ಕಥೆಗೆ ಇನ್ನೊಂದು ಅಧ್ಯಾಯ ಸೇರಿಕೊಂಡಿದೆ. ಯಾರಿಗೆ ಸಾಲ ಕೊಡಬೇಕು, ಎಷ್ಟು ಕೊಡಬೇಕು, ಯಾರನ್ನು ಬಾಗಿಲಲ್ಲೇ ತಡೆಯಬೇಕು ಎಂಬ ತೀರ್ಮಾನ ಕೃತಕ ಬುದ್ಧಿಮತ್ತೆಯ ಕೈಗೆ ಹೋಗುತ್ತಿದೆ. ಸಾಲ ಮಾತ್ರವಲ್ಲ, ರೈತನಿಗೆ ಬಿತ್ತನೆಯ ಸಲಹೆ, ಬೆಳೆ ವಿಮೆ, ಪರಿಹಾರದ ಫಲಾನುಭವಿಗಳ ಆಯ್ಕೆ ಎಲ್ಲಕ್ಕೂ ಅಭಿವೃದ್ಧಿ ಸಂಸ್ಥೆಗಳು ಈ ತಂತ್ರಜ್ಞಾನವನ್ನು ಮುಂದೊಡ್ಡುತ್ತಿವೆ. ಉಳಿದವನ್ನು ಬದಿಗಿಟ್ಟು ಸಾಲದ ವಿಷಯವನ್ನೇ ನೋಡೋಣ. ಯಾಕೆಂದರೆ ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ನಮ್ಮ ಕುಟುಂಬಗಳಲ್ಲಿ ಹೊಲ ಇರುವವರು ಕಡಿಮೆ, ಸಾಲ ಇರುವವರು ಹೆಚ್ಚು.

ಯಂತ್ರ ತೀರ್ಮಾನಿಸುವುದು ಹೇಗೆ? ಅದಕ್ಕೆ ದಿವ್ಯದೃಷ್ಟಿಯೇನೂ ಇಲ್ಲ. ಹಿಂದೆ ಸಾಲ ಪಡೆದ ಲಕ್ಷಾಂತರ ಮಂದಿಯ ದಾಖಲೆಗಳನ್ನು ಅದಕ್ಕೆ ಉಣಿಸಲಾಗುತ್ತದೆ. ಯಾರು ಕಟ್ಟಿದರು, ಯಾರು ಕಟ್ಟಲಿಲ್ಲ, ಅವರ ವಯಸ್ಸೇನು, ವಿಳಾಸ ಯಾವುದು, ಕಸುಬು ಯಾವುದು ಎಂಬುದನ್ನೆಲ್ಲ ನೋಡಿ ಅದು ಹೋಲಿಕೆಗಳನ್ನು ಹುಡುಕುತ್ತದೆ. ಹೊಸದಾಗಿ ಅರ್ಜಿ ಹಾಕಿದಾಕೆ ಹಿಂದೆ ಕಟ್ಟದೇ ಹೋದವರನ್ನು ಹೋಲುತ್ತಾಳೆಯೇ ಎಂದು ಪರೀಕ್ಷಿಸಿ ಅಂಕ ಕೊಡುತ್ತದೆ. ಅಂದರೆ ಯಂತ್ರದ ಭವಿಷ್ಯವಾಣಿ ಎಂಬುದು ನಿಜವಾಗಿ ಭೂತಕಾಲದ ಪ್ರತಿಧ್ವನಿ. ನಮ್ಮ ಆತಂಕ ಇರುವುದು ಇಲ್ಲೇ. ಯಾಕೆಂದರೆ ಈ ಭಾಗದ ಮುಸ್ಲಿಮರಿಗೆ ಕಿರುಸಾಲದ ವಿಷಯದಲ್ಲಿ ಒಂದು ವಿಶಿಷ್ಟ ಭೂತಕಾಲವಿದೆ.

2009ರಲ್ಲಿ ಕೋಲಾರದಲ್ಲಿ ನಡೆದುದನ್ನು ಹಿರಿಯರು ಮರೆತಿರಲಾರರು. ಕಿರುಸಾಲದ ಕಂತು ಕಟ್ಟಬೇಡಿ ಎಂದು ಅಲ್ಲಿನ ಅಂಜುಮನ್ ಮುಸ್ಲಿಮ್ ಮಹಿಳೆಯರಿಗೆ ಕರೆ ಕೊಟ್ಟಿತು. ಶಿಡ್ಲಘಟ್ಟ, ರಾಮನಗರ, ಮೈಸೂರುಗಳಿಗೂ ಅದರ ಬಿಸಿ ಹರಡಿತು. ಇವುಗಳಲ್ಲಿ ಹೆಚ್ಚಿನವು ರೇಷ್ಮೆಯನ್ನು ನಂಬಿದ ಊರುಗಳು. ಗೂಡಿನಿಂದ ನೂಲು ಬಿಚ್ಚುವ ಕೆಲಸದಲ್ಲಿ ಮುಸ್ಲಿಮರೇ ಬಹುಸಂಖ್ಯೆಯಲ್ಲಿರುವ ಊರುಗಳು. ಆ ದಿನಗಳಲ್ಲಿ ರೇಷ್ಮೆಯ ಕಸುಬು ಕುಸಿದಿತ್ತು. ಒಂದೇ ಬೀದಿಗೆ ನಾಲ್ಕೈದು ಕಂಪೆನಿಗಳು ನುಗ್ಗಿ, ಒಂದರ ಕಂತು ಕಟ್ಟಲು ಇನ್ನೊಂದರ ಸಾಲ ಎಂಬಂತೆ ಒಬ್ಬಳಿಗೇ ಹಲವು ಸಾಲಗಳನ್ನು ಹಂಚಿದ್ದವು. ಕಂತು ತಪ್ಪಿದ ಮನೆಯ ಮುಂದೆ ಗುಂಪಿನ ಇತರ ಹೆಂಗಸರನ್ನೇ ಕೂರಿಸಿ ಅವಮಾನಿಸುವ ಪದ್ಧತಿ ಇತ್ತು. ಅಂಜುಮನ್‌ನ ಕರೆಯನ್ನು ಬರೀ ಮತಾಂಧತೆ ಎಂದು ಕರೆದ ಪತ್ರಿಕೆಗಳು ಈ ಹಿನ್ನೆಲೆಯನ್ನು ಎರಡು ಸಾಲಿನಲ್ಲಿ ಮುಗಿಸಿದವು. ಮರುವರ್ಷ ನೆರೆಯ ಆಂಧ್ರದಲ್ಲಿ ಇದೇ ರೋಗ ಹತ್ತು ಪಟ್ಟು ದೊಡ್ಡದಾಗಿ ಸ್ಫೋಟಿಸಿ, 2010ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರಕಾರ ಅಧ್ಯಾದೇಶವನ್ನೇ ತರಬೇಕಾಯಿತು. ಅಲ್ಲಿ ಅಂಜುಮನ್ ಇರಲಿಲ್ಲ, ಫತ್ವಾ ಇರಲಿಲ್ಲ. ಅತಿ ಸಾಲ ಮತ್ತು ಒರಟು ವಸೂಲಿ ಇದ್ದವು.

ಹಾಗಂತ 2009ರ ಕರೆ ಸರಿಯಾಗಿತ್ತು ಎಂದು ಈ ಲೇಖಕ ಹೇಳುತ್ತಿಲ್ಲ. ಸಾಲ ಪಡೆದವರು ಹೆಂಗಸರು, ಕಂತು ಕಟ್ಟುತ್ತಿದ್ದವರು ಹೆಂಗಸರು. ಕಟ್ಟಬಾರದೆಂದು ತೀರ್ಮಾನಿಸಿದವರು ಗಂಡಸರು. ಬಡ್ಡಿ ಹರಾಮ್ ಎಂಬುದು ನಿಜ. ಆದರೆ ಪಡೆದ ಅಸಲನ್ನು ಹಿಂದಿರುಗಿಸುವ ಹೊಣೆ ಅದರಿಂದ ರದ್ದಾಗುವುದಿಲ್ಲ ಎಂಬುದೂ ಅಷ್ಟೇ ನಿಜ. ಕರೆಯ ಪರಿಣಾಮವನ್ನು ಉಂಡವರೂ ಆ ಹೆಂಗಸರೇ. ಕಂಪೆನಿಗಳು ಆ ಬೀದಿಗಳಿಂದ ಕಾಲ್ತೆಗೆದವು. ಕಟ್ಟಲು ಸಿದ್ಧಳಿದ್ದವಳೂ ಕಟ್ಟಲಾರದವಳೂ ಒಂದೇ ಪಟ್ಟಿಗೆ ಸೇರಿದರು.

ಇದರ ಜೊತೆಗೆ 2006ರ ಸಾಚಾರ್ ಸಮಿತಿಯ ವರದಿಯ ಒಂದು ಅಂಶವನ್ನು ಇಟ್ಟು ನೋಡಬೇಕು. ಮುಸ್ಲಿಮರು ಹೆಚ್ಚಾಗಿರುವ ಹಲವು ಪ್ರದೇಶಗಳನ್ನು ಕೆಲವು ಬ್ಯಾಂಕುಗಳು ‘ನಕಾರಾತ್ಮಕ ವಲಯ’ಗಳೆಂದು ಗುರುತಿಸಿ ಅಲ್ಲಿಗೆ ಸಾಲ ಸುಲಭವಾಗಿ ದೊರೆಯದಂತೆ ಮಾಡಿವೆ ಎಂದು ಅದು ದಾಖಲಿಸಿತ್ತು. ಅಂದು ಅದನ್ನು ಪತ್ತೆ ಹಚ್ಚಲು ಸಾಧ್ಯವಾಯಿತು. ಯಾಕೆಂದರೆ ಯಾರೋ ಒಬ್ಬ ಅಧಿಕಾರಿ ಆ ಗೆರೆಯನ್ನು ಎಳೆದಿದ್ದ, ಇನ್ನೊಬ್ಬ ಅದನ್ನು ಪಾಲಿಸಿದ್ದ. ನಾಳೆ ಆ ಗೆರೆಯನ್ನು ಯಾರೂ ಎಳೆಯಬೇಕಾಗಿಲ್ಲ. ಹಳೆಯ ದಾಖಲೆಗಳನ್ನು ಉಂಡ ಯಂತ್ರ ತಾನೇ ಎಳೆದುಕೊಳ್ಳುತ್ತದೆ. ಧರ್ಮ ಯಾವುದೆಂದು ಅರ್ಜಿಯಲ್ಲಿ ಕೇಳದಿದ್ದರೂ ಹೆಸರು, ಬೀದಿ, ಕಸುಬು, ಮೊಬೈಲ್ ಇರುವ ಜಾಗ ಎಲ್ಲವೂ ಸೇರಿ ಅದನ್ನೇ ಹೇಳುತ್ತವೆ. ನಮ್ಮ ಜಿಲ್ಲೆಯ ಹೆಸರನ್ನು ‘ಬೆಂಗಳೂರು ಉತ್ತರ’ ಎಂದು ಬದಲಿಸಲು ರಾಜ್ಯ ಸಂಪುಟ 2025ರ ಜುಲೈಯಲ್ಲಿ ತೀರ್ಮಾನಿಸಿತು. ಫಲಕಗಳು ಬದಲಾಗಬಹುದು, ಯಂತ್ರದ ನೆನಪಿನಲ್ಲಿರುವ 561203 ಮಾತ್ರ 561203 ಆಗಿಯೇ ಇರುತ್ತದೆ.

ಇದು ಅತಿಶಯದ ಭಯವೆನ್ನುವವರು ನೆದರ್‌ಲ್ಯಾಂಡ್ಸ್‌ನತ್ತ ನೋಡಲಿ. ಮಕ್ಕಳ ಆರೈಕೆಯ ಭತ್ತೆಯಲ್ಲಿ ವಂಚಕರನ್ನು ಹಿಡಿಯಲೆಂದು ಅಲ್ಲಿನ ತೆರಿಗೆ ಇಲಾಖೆ ಬಳಸಿದ ಗಣಕ ವ್ಯವಸ್ಥೆ, ವಿದೇಶಿ ಪೌರತ್ವವನ್ನೂ ಅಪಾಯದ ಲಕ್ಷಣವೆಂದು ಎಣಿಸಿತ್ತು. ಸಾವಿರಾರು ತಂದೆ-ತಾಯಿಯರು ನಿರಪರಾಧಿಗಳಾಗಿದ್ದೂ ಸಾಲದ ಕೂಪಕ್ಕೆ ಬಿದ್ದರು. 2021ರ ಜನವರಿಯಲ್ಲಿ ಇಡೀ ಸಂಪುಟ ರಾಜೀನಾಮೆ ಕೊಟ್ಟಿತು. ಪ್ರಬಲ ನ್ಯಾಯಾಲಯ, ಪ್ರಬಲ ಸಂಸತ್ತು ಇರುವ ಸಣ್ಣ ದೇಶದಲ್ಲೇ ಸತ್ಯ ಹೊರಬರಲು ವರ್ಷಗಳು ಹಿಡಿದವು.

ಹಾಗಾದರೆ ಯಂತ್ರವನ್ನು ತಿರಸ್ಕರಿಸೋಣವೇ? ಅಷ್ಟು ಸರಳವಲ್ಲ. ಯಂತ್ರವಿಲ್ಲದ ಕಾಲದಲ್ಲಿ ನಮಗೆ ನ್ಯಾಯ ಸಿಗುತ್ತಿತ್ತೇ? ಗಡ್ಡ ನೋಡಿ, ಬುರ್ಖಾ ನೋಡಿ ಕಡತವನ್ನು ಕೆಳಗಿಡುವ ಅಧಿಕಾರಿಗಿಂತ ಲೆಕ್ಕವನ್ನು ಮಾತ್ರ ನೋಡುವ ಯಂತ್ರ ಎಷ್ಟೋ ಮೇಲಾಗಬಹುದು. ಆಫ್ರಿಕಾದ ಟೋಗೋ ದೇಶ ಕೊರೋನಾ ಕಾಲದಲ್ಲಿ ಉಪಗ್ರಹ ಚಿತ್ರ ಮತ್ತು ಮೊಬೈಲ್ ಬಳಕೆಯ ಮಾಹಿತಿಯಿಂದ ಕಡುಬಡವರನ್ನು ಗುರುತಿಸಿ ಅವರ ಫೋನಿಗೇ ಹಣ ಕಳುಹಿಸಿತು. ಬರೀ ಪ್ರದೇಶವನ್ನು ನೋಡಿ ಹಂಚುವುದಕ್ಕಿಂತ ಇದರಲ್ಲಿ ಅರ್ಹರು ಹೊರಗುಳಿದದ್ದು ಕಡಿಮೆ ಎಂದು ಸಂಶೋಧಕರು ತೋರಿಸಿಕೊಟ್ಟರು. ಆದರೆ ಅದು ನೆರವು, ಸಾಲವಲ್ಲ ಎಂಬುದನ್ನು ಗಮನಿಸಬೇಕು. ಅದೇ ಆಫ್ರಿಕಾದ ಕೆನ್ಯಾದಲ್ಲಿ 2012ರಿಂದ ಮೊಬೈಲ್ ಬಳಕೆಯನ್ನು ನೋಡಿ ಕ್ಷಣಾರ್ಧದಲ್ಲಿ ಸಾಲ ಕೊಡುವ ಪದ್ಧತಿ ಬೆಳೆಯಿತು. ಜಗತ್ತು ಅದನ್ನು ಕೊಂಡಾಡಿತು. ಚಿಲ್ಲರೆ ಮೊತ್ತಕ್ಕಾಗಿ ಜನ ಕಪ್ಪುಪಟ್ಟಿ ಸೇರಿದ್ದು ಎಷ್ಟಾಯಿತೆಂದರೆ, ಸಾವಿರ ಶಿಲ್ಲಿಂಗ್‌ಗಿಂತ ಕಡಿಮೆಯ ಬಾಕಿಗೆ ಯಾರನ್ನೂ ಪಟ್ಟಿಗೆ ಸೇರಿಸಬಾರದೆಂದು 2020ರ ಏಪ್ರಿಲ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಆದೇಶಿಸಬೇಕಾಯಿತು. ತಂತ್ರಜ್ಞಾನ ಒಂದೇ, ಅದರ ಹಿಂದಿನ ಉದ್ದೇಶ ಬೇರೆ.

ಕುರ್‌ಆನ್‌ನ ಅತಿ ದೀರ್ಘ ಸೂಕ್ತ ಯಾವುದೆಂದು ಕೇಳಿದರೆ ಹಲವರಿಗೆ ಅಚ್ಚರಿಯಾಗುತ್ತದೆ. ಅದು ನಮಾಝಿನ ಬಗ್ಗೆ ಅಲ್ಲ, ಸಾಲಪತ್ರದ ಬಗ್ಗೆ. ಅಲ್ ಬಕರಃ ಅಧ್ಯಾಯದ 282ನೇ ಸೂಕ್ತ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು ಎಂದೆಲ್ಲ ಅದು ಆದೇಶಿಸುತ್ತದೆ. ಅದರಲ್ಲಿ ಒಂದು ಸೂಕ್ಷ್ಮ ಅಂಶವಿದೆ. ಪತ್ರದ ಒಕ್ಕಣೆಯನ್ನು ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಸಾಲ ಪಡೆದವನು. ಆತ ದುರ್ಬಲನಾಗಿದ್ದರೆ, ಹೇಳಿ ಬರೆಸಲು ಅಶಕ್ತನಾಗಿದ್ದರೆ, ಆತನ ಪರವಾಗಿ ಪೋಷಕನು ಹೇಳಿ ಬರೆಸಬೇಕು. ವ್ಯವಹಾರದಲ್ಲಿ ದುರ್ಬಲ ಪಕ್ಷ ಯಾವುದೋ ಆ ಪಕ್ಷದ ಬಾಯಿಯಿಂದಲೇ ದಾಖಲೆ ಹೊರಡಬೇಕು ಎಂಬುದು ಅದರ ಮರ್ಮ. ಇಂದಿನ ಸಾಲದ ಅಂಕವನ್ನು ಈ ಅಳತೆಗೋಲಿನಿಂದ ಅಳೆಯಿರಿ. ಸಾಲಗಾರ್ತಿ ಹೇಳಿ ಬರೆಸುವುದು ಹಾಗಿರಲಿ, ಬರೆದದ್ದನ್ನು ಓದಲೂ ಆಕೆಗೆ ಸಿಗುವುದಿಲ್ಲ. ‘ಸಿಸ್ಟಮ್ ಒಪ್ಪುತ್ತಿಲ್ಲ ಅಕ್ಕಾ’ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ಆ ಸಿಸ್ಟಮ್ ಯಾಕೆ ಒಪ್ಪಲಿಲ್ಲವೆಂದು ಹಾಗೆ ಹೇಳುವ ಹುಡುಗನಿಗೂ ಗೊತ್ತಿರುವುದಿಲ್ಲ.

ಆಕೆಗೆ ಹೇಳಲು ಏನೂ ಇಲ್ಲವೇ? ಧಾರಾಳ ಇದೆ. ವಿಜಯಪುರದ ರೀಲರ್ ಕುಟುಂಬವನ್ನೇ ತೆಗೆದುಕೊಳ್ಳಿ. 1959ರ ಕಾಯಿದೆಯಂತೆ ಕರ್ನಾಟಕದಲ್ಲಿ ರೇಷ್ಮೆ ಗೂಡಿನ ವ್ಯಾಪಾರ ಸರಕಾರಿ ಮಾರುಕಟ್ಟೆಯಲ್ಲೇ ಆಗಬೇಕು. ಪರವಾನಗಿ ಇರುವ ರೀಲರ್ ಯಾವ ದಿನ ಎಷ್ಟು ಕಿಲೋ ಗೂಡನ್ನು ಯಾವ ದರಕ್ಕೆ ಹರಾಜಿನಲ್ಲಿ ಕೊಂಡನೆಂಬ ಲೆಕ್ಕ ಅಲ್ಲಿರುತ್ತದೆ. ಹತ್ತು ವರ್ಷ ತಪ್ಪದೆ ಗೂಡು ಕೊಂಡು ಹಣ ಪಾವತಿಸಿದವನ ಪ್ರಾಮಾಣಿಕತೆಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ? ಆದರೆ ಸಾಲದ ಯಂತ್ರಕ್ಕೆ ಕಾಣುವುದು ಆ ಹರಾಜಿನ ಚೀಟಿಯಲ್ಲ, 2009ರಲ್ಲಿ ಕಂತು ನಿಂತ ಊರುಗಳ ಕಸುಬಿನ ಹೆಸರು. ಅದೇ ರೀತಿ ದೊಡ್ಡಬಳ್ಳಾಪುರದ ಕೂಲಿ ಮಗ್ಗದವನ ದುಡಿಮೆ ಮಾಲೀಕನ ಪುಸ್ತಕದಲ್ಲೂ ವಿದ್ಯುತ್ ಬಿಲ್ಲಿನಲ್ಲೂ ಇದೆ. ಬಡವರ ಪರವಾದ ಮಾರುಕಟ್ಟೆ ಕಟ್ಟುತ್ತೇವೆಂದು ಹೊರಟ ಸಂಸ್ಥೆಗಳಿಗೆ ನಿಜವಾದ ಕಾಳಜಿ ಇದ್ದರೆ, ಇಂತಹ ದಾಖಲೆಗಳನ್ನು ಸಾಲಗಾರನ ಒಪ್ಪಿಗೆಯಿಂದ ಯಂತ್ರಕ್ಕೆ ತೋರಿಸಲಿ.

ಮಾತಿನ ಸಮಸ್ಯೆಯೂ ಇದೆ. ದೂರವಾಣಿಯಲ್ಲಿ ಗ್ರಾಹಕರೊಂದಿಗೆ ಮಾತನಾಡುವ ಕೆಲಸವನ್ನೂ ಈಗ ಯಂತ್ರಕ್ಕೆ ಒಪ್ಪಿಸಲಾಗುತ್ತಿದೆ. ಕೇಂದ್ರ ಸರಕಾರದ ‘ಭಾಷಿಣಿ’ ಯೋಜನೆ ಸಂವಿಧಾನದ 22 ಭಾಷೆಗಳನ್ನು ಗುರಿಯಾಗಿಟ್ಟುಕೊಂಡಿದೆ. ಕನ್ನಡವಿದೆ, ಉರ್ದುವಿದೆ. ಆದರೆ ನಮ್ಮ ಮನೆಗಳ ಹೆಂಗಸರು ಆಡುವುದು ಪುಸ್ತಕದ ಉರ್ದುವಲ್ಲ, ಕನ್ನಡ ಬೆರೆತ ದಖನಿ. ‘ಕಾ ಕು’, ‘ನಕ್ಕೋ’ ಎಂದರೆ ದಿಲ್ಲಿಯ ಉರ್ದುವನ್ನು ಕಲಿತ ಯಂತ್ರ ತಬ್ಬಿಬ್ಬಾಗುತ್ತದೆ. ಬೇಡವೆಂದವಳನ್ನು ಬೇಕೆಂದಳೆಂದು ಬರೆದುಕೊಂಡರೆ ಹೊಣೆ ಯಾರು?

ಕಾನೂನು ಏನು ಹೇಳುತ್ತದೆ? ಕಿರುಸಾಲದ ಕಿರುಕುಳ ತಾಳಲಾರದೆ ಜನ ಊರು ಬಿಟ್ಟ, ಜೀವ ಕಳೆದುಕೊಂಡ ಸುದ್ದಿಗಳ ನಡುವೆ ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಅಧ್ಯಾದೇಶ ತಂದಿತು. ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ. ಸ್ವಾಗತಾರ್ಹವೇ. ಆದರೆ ಅದು ಬಾಗಿಲು ಬಡಿಯುವ ವಸೂಲಿಗಾರನನ್ನು ಕುರಿತದ್ದು, ಬಾಗಿಲು ಮುಚ್ಚುವ ಯಂತ್ರವನ್ನಲ್ಲ. ಸಾಲದ ಆ್ಯಪ್‌ಗಳು ಗ್ರಾಹಕರ ಫೋನಿನ ಸಂಪರ್ಕಪಟ್ಟಿ, ಕರೆಗಳ ವಿವರಕ್ಕೆ ಕೈಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿತು. ಕೃತಕ ಬುದ್ಧಿಮತ್ತೆಯ ಬಗ್ಗೆ ಅದು ನೇಮಿಸಿದ ಸಮಿತಿ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಆದರೆ ಯಂತ್ರವೊಂದರ ತೀರ್ಮಾನಕ್ಕೆ ಮಾತ್ರ ಒಳಪಡದೆ ಮನುಷ್ಯನೊಬ್ಬ ಅದನ್ನು ಮರುಪರಿಶೀಲಿಸಲಿ ಎಂದು ಕೇಳುವ ಹಕ್ಕು ಯುರೋಪಿನ ನಾಗರಿಕನಿಗೆ 2018ರಿಂದ ಇದೆ. ನಮ್ಮ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಅಂತಹ ಹಕ್ಕಿಲ್ಲ. ಮುಸ್ಲಿಮ್ ಸಂಘಟನೆಗಳ ಮನವಿಪತ್ರಗಳಲ್ಲಿ ಈ ಬೇಡಿಕೆ ಯಾಕೆ ಕಾಣುವುದಿಲ್ಲ? ಇದು ದಲಿತರಿಗೂ ಕೊಳೆಗೇರಿಯ ಸಕಲ ಬಡವರಿಗೂ ಸಂಬಂಧಿಸಿದ ಬೇಡಿಕೆ.

ಇದಕ್ಕೆಲ್ಲ ಬಡ್ಡಿರಹಿತ ಸಂಸ್ಥೆಗಳೇ ಪರಿಹಾರವೆಂದು ವೇದಿಕೆಯಲ್ಲಿ ಗುಡುಗುವವರಿದ್ದಾರೆ. ಪ್ರಾಮಾಣಿಕವಾಗಿ ನಡೆಯುವ ಬಡ್ಡಿರಹಿತ ಸಾಲನಿಧಿಗಳ ಬಗ್ಗೆ ಗೌರವವಿದೆ. ಆದರೆ ಹಲಾಲ್ ಲಾಭದ ಹೆಸರಿನಲ್ಲಿ ಹಣ ಸಂಗ್ರಹಿಸಿದ ಬೆಂಗಳೂರಿನ ಐಎಂಎ 2019ರ ಜೂನ್‌ನಲ್ಲಿ ಕುಸಿದು ಬಿದ್ದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳ ಉಳಿತಾಯ ಮುಳುಗಿತು. ಅಲ್ಲಿ ಜನರನ್ನು ವಂಚಿಸಿದ್ದು ಯಂತ್ರವಲ್ಲ. ಪಾರದರ್ಶಕವಾದ ಲೆಕ್ಕವನ್ನು ಕೇಳುವ ಅಭ್ಯಾಸ ನಮ್ಮಲ್ಲಿ ಮೊದಲು ಬೆಳೆಯಬೇಕು. ಅದು ಬೆಳೆದರೆ ಯಂತ್ರದಿಂದಲೂ ಕೇಳಬಹುದು, ಮೌಲಾನಾರಿಂದಲೂ ಕೇಳಬಹುದು.

ಸದ್ಯಕ್ಕೆ ಕೈಗೆ ಎಟಕುವ ಕೆಲಸವೊಂದಿದೆ. ದೇಶದಲ್ಲಿ ನಾಲ್ಕು ಸಾಲಮಾಹಿತಿ ಕಂಪೆನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಯಂತ್ರ ನೋಡುವುದು ಮುಖ್ಯವಾಗಿ ಇವುಗಳ ದಾಖಲೆಯನ್ನು. ವರ್ಷಕ್ಕೊಮ್ಮೆ ಪ್ರತಿಯೊಂದರಿಂದಲೂ ತಮ್ಮ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ಎಲ್ಲರಿಗೂ ಇದೆ. ತಪ್ಪಿದ್ದರೆ ದೂರು ಕೊಡಬಹುದು. ಮೂವತ್ತು ದಿನಗಳೊಳಗೆ ಸರಿಪಡಿಸದಿದ್ದರೆ ದಿನಕ್ಕೆ ನೂರು ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಆದೇಶವಿದೆ. ನಮ್ಮವರ ವರದಿಗಳಲ್ಲಿ ತಪ್ಪು ನುಸುಳುವ ಸಾಧ್ಯತೆ ಹೆಚ್ಚು. ಆಧಾರ್‌ನಲ್ಲಿ ಶಾಹೀನ್ ತಾಜ್, ಪಡಿತರ ಚೀಟಿಯಲ್ಲಿ ಶಾಯಿನ್ ತಾಜ, ಬ್ಯಾಂಕಿನ ಪುಸ್ತಕದಲ್ಲಿ ಬರೀ ಶಾಹಿನಾ. ಒಂದೇ ಬೀದಿಯಲ್ಲಿ ಅದೇ ಹೆಸರಿನ ಮೂವರಿದ್ದರೆ ಒಬ್ಬಳ ಬಾಕಿ ಇನ್ನೊಬ್ಬಳ ಖಾತೆಗೆ ಸೇರಲು ಎಷ್ಟು ಹೊತ್ತು? ಜುಮಾ ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲಿ ಒಂದು ಮೇಜು, ಇಂಟರ್‌ನೆಟ್ ಇರುವ ಒಂದು ಫೋನು, ಇಂಗ್ಲಿಷ್ ಓದಬಲ್ಲ ಇಬ್ಬರು ಕಾಲೇಜು ವಿದ್ಯಾರ್ಥಿಗಳಿದ್ದರೆ ಈ ವರದಿಗಳನ್ನು ತೆಗೆದು ಓದಿ ಹೇಳಬಹುದು. ಹೆಂಗಸರಿಗೆ ಪ್ರತ್ಯೇಕ ದಿನ ಬೇಕು. ಯಾಕೆಂದರೆ ಸಾಲ ಇರುವುದು ಅವರ ಹೆಸರಿನಲ್ಲಿ.