ಅಂಡಮಾನ್‌ನಲ್ಲಿ ಗ್ಯಾಸ್ ಸಿಕ್ಕಿತು, ಸರಿ. ಉಳಿದ 13ರಲ್ಲಿ ಏನಿದೆ?

2025ರ ಸೆಪ್ಟೆಂಬರ್ ಕೊನೆಯಲ್ಲಿ ಪೆಟ್ರೋಲಿಯಂ ಸಚಿವ ಹರ್ದೀಪ್ ಸಿಂಗ್ ಪುರಿ ಅಂಡಮಾನ್ ಸಮುದ್ರದಲ್ಲಿ ನೈಸರ್ಗಿಕ ಅನಿಲ ಸಿಕ್ಕಿದೆ ಎಂದು ಘೋಷಿಸಿದರು. ಆಯಿಲ್ ಇಂಡಿಯಾ ಕೊರೆದ ಶ್ರೀ ವಿಜಯಪುರಂ-2 ಬಾವಿ. ತೀರದಿಂದ ಸುಮಾರು 17 ಕಿ.ಮೀ. ದೂರ, ಅನಿಲದಲ್ಲಿ ಮೀಥೇನ್ ಪ್ರಮಾಣ ಶೇ. 87. ಅದಕ್ಕೂ ಮೂರು ತಿಂಗಳ ಹಿಂದೆಯೇ ಅವರು ಇಲ್ಲಿ ಗಯಾನಾ ಮಟ್ಟದ ತೈಲ ಸಿಗಬಹುದು ಅಂದಿದ್ದರು. ಕಚ್ಚಾ ತೈಲದ ಶೇ. 85ಕ್ಕೂ ಹೆಚ್ಚು ಭಾಗ ಆಮದು ಮಾಡಿಕೊಳ್ಳುವ ದೇಶದಲ್ಲಿ ಇಂಥ ಮಾತು ಕೇಳಿದರೆ ಯಾರಿಗೆ ಆಸೆ ಹುಟ್ಟಲ್ಲ?

ಆದರೆ ತೈಲವಾಗಲಿ, ಅನಿಲವಾಗಲಿ ಬಾವಿ ಕೊರೆದ ಜಾಗದಲ್ಲೇ ಹುಟ್ಟಿರಬೇಕೆಂದಿಲ್ಲ. ಅದಕ್ಕೊಂದು ತಾಯಿಕಲ್ಲು ಬೇಕು. ಆಮ್ಲಜನಕ ಕಮ್ಮಿ ಇರುವ ನೀರಿನ ತಳದಲ್ಲಿ ಪಾಚಿ, ಸಸ್ಯದ ಚೂರುಗಳು ಕೊಳೆಯದೆ ಕೆಸರಿನ ಜೊತೆ ಹೂತು, ಕೆರೋಜೆನ್ ಎಂಬ ಪದಾರ್ಥವಾಗುತ್ತವೆ. ಲಕ್ಷಾಂತರ ವರ್ಷ ಸರಿಯಾದ ಶಾಖ ಸಿಕ್ಕರೆ, ಅಂದರೆ ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್, ಅದು ತೈಲ ಬಿಡುತ್ತೆ. ಇನ್ನೂ ಬಿಸಿಯಾದರೆ ಅನಿಲ. ಶಾಖ ಸಾಲದಿದ್ದರೆ ಅದು ಬರೀ ಕಪ್ಪು ಕಲ್ಲು. ಇದನ್ನು ಅಳೆಯೋದು ದೊಡ್ಡ ಗುಟ್ಟೇನಲ್ಲ. ಗ್ರಾಂಗಿಂತ ಕಡಿಮೆ ಕಲ್ಲಿನ ಪುಡಿಯನ್ನು ಗಾಳಿಯಿಲ್ಲದೆ ಕಾಯಿಸಿ, ಎಷ್ಟು ಹೈಡ್ರೋಕಾರ್ಬನ್ ಹೊರಬರುತ್ತೆ, ಎಷ್ಟು ಶಾಖಕ್ಕೆ ಬರುತ್ತೆ ಅಂತ ನೋಡುವ 'ರಾಕ್-ಇವ್ಯಾಲ್' ಪರೀಕ್ಷೆ 1970ರ ದಶಕದಿಂದಲೂ ಇದೆ.

ಮೀಥೇನ್ ವಿಷಯದಲ್ಲಿ ಇನ್ನೊಂದು ತೊಡಕು. ಅದು ಹುಟ್ಟುವುದು ಎರಡು ದಾರಿಯಲ್ಲಿ: ಆಳದ ಶಾಖದಿಂದ, ಇಲ್ಲವೇ ಮೇಲ್ಪದರದ ತಣ್ಣನೆಯ ಕೆಸರಿನಲ್ಲಿ ಸೂಕ್ಷ್ಮಜೀವಿಗಳಿಂದ. ಸೂಕ್ಷ್ಮಜೀವಿಗಳ ಅನಿಲದಲ್ಲಿ ಈಥೇನ್, ಪ್ರೊಪೇನ್ ಹೆಚ್ಚುಕಮ್ಮಿ ಇರುವುದೇ ಇಲ್ಲ. ಅದರ ಕಾರ್ಬನ್ ಐಸೊಟೋಪ್ ಗುರುತೂ ಬೇರೆ. ಹಾಗಾಗಿ ಸಚಿವರು ಹೇಳಿದ 87ಕ್ಕಿಂತ ಹೇಳದ 13 ಮುಖ್ಯ. ಅದರಲ್ಲಿ ಈಥೇನ್, ಪ್ರೊಪೇನ್ ಇದ್ದರೆ ಕೆಳಗೆಲ್ಲೋ ಪಕ್ವವಾದ ತಾಯಿಕಲ್ಲು ಇದೆ ಅಂತ ನಂಬಬಹುದು. ನೈಟ್ರೋಜನ್, ಕಾರ್ಬನ್ ಡೈಆಕ್ಸೈಡ್ ಆಗಿದ್ದರೆ? ಬೇರ್ಪಡಿಸಿ ಬಿಸಾಕುವ ಖರ್ಚು ಮಾತ್ರ.

ಆಶಾವಾದಕ್ಕೆ ಕಾರಣವೇ ಇಲ್ಲ ಅಂತ ನಾನು ಹೇಳ್ತಿಲ್ಲ. ದಕ್ಷಿಣಕ್ಕೆ ಉತ್ತರ ಸುಮಾತ್ರಾದಲ್ಲಿ 1971ರಲ್ಲೇ ಅರುನ್ ಎಂಬ ಭಾರೀ ಅನಿಲ ನಿಕ್ಷೇಪ ಸಿಕ್ಕಿತ್ತು. 2023ರ ಡಿಸೆಂಬರ್‌ನಲ್ಲಿ ಇಂಡೋನೇಷ್ಯಾದ ಸೌತ್ ಅಂಡಮಾನ್ ಬ್ಲಾಕ್‌ನಲ್ಲಿ ಲಯರಾನ್-1 ಬಾವಿ 6 ಲಕ್ಷ ಕೋಟಿ ಘನ ಅಡಿಗೂ ಹೆಚ್ಚು ಅನಿಲದ ಸುಳಿವು ಕೊಟ್ಟಿತು. ಆದರೆ ಇವೆರಡೂ ಹೇಳೋದು ಅನಿಲದ ಕಥೆ, ತೈಲದ್ದಲ್ಲ. ಗಯಾನಾದ ತೈಲದ ಹಿಂದೆ ಕ್ರಿಟೇಷಿಯಸ್ ಯುಗದ, ಕಡಲಪಾಚಿ ತುಂಬಿದ ಕಾಂಜೆ ಎಂಬ ಕಲ್ಲುಪದರವಿದೆ. ಅಂಡಮಾನ್‌ನಲ್ಲಿ ಅದಕ್ಕೆ ಸಾಟಿಯಾದ ಕಲ್ಲು ಯಾವುದು ಅಂತ ತೋರಿಸದೆ ಗಯಾನಾ ಹೆಸರು ಎತ್ತೋದು ಭೂವಿಜ್ಞಾನವಲ್ಲ, ಭಾಷಣ.

ನಮಗೆ ಇದರ ಅನುಭವ ಹೊಸದೇನಲ್ಲ. 2005ರಲ್ಲಿ ಗುಜರಾತ್ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿ, ರಾಜ್ಯದ ಕಂಪನಿ ಜಿಎಸ್‌ಪಿಸಿಗೆ ಕೃಷ್ಣಾ-ಗೋದಾವರಿ ಕಣಿವೆಯಲ್ಲಿ 20 ಲಕ್ಷ ಕೋಟಿ ಘನ ಅಡಿ ಅನಿಲ ಸಿಕ್ಕಿದೆ ಎಂದು ಪ್ರಕಟಿಸಿದರು. ಅಲ್ಲಿ ಅನಿಲ ಇರಲಿಲ್ಲ ಅಂತಲ್ಲ. ವಿಪರೀತ ಬಿಸಿ, ಒತ್ತಡದ ಬಿಗಿ ಕಲ್ಲಿನಿಂದ ಅದು ಹೇಳಿದ ಪ್ರಮಾಣದಲ್ಲಿ ಹೊರಬರಲೇ ಇಲ್ಲ. ಕಡೆಗೆ 2017ರಲ್ಲಿ ಕೇಂದ್ರದ ಒಎನ್‌ಜಿಸಿ ಸುಮಾರು 7,700 ಕೋಟಿ ರೂಪಾಯಿ ತೆತ್ತು ಆ ಬ್ಲಾಕ್‌ನ ಶೇ. 80 ಪಾಲು ಕೊಂಡಿತು. ಘೋಷಣೆಯ ಚಪ್ಪಾಳೆ ಒಬ್ಬರಿಗೆ, ಬಿಲ್ಲು ಇನ್ನೊಬ್ಬರಿಗೆ.

ಆಯಿಲ್ ಇಂಡಿಯಾ ಕೂಡ ಸಾರ್ವಜನಿಕ ಕಂಪನಿಯೇ. ನಾರ್ವೆಯಲ್ಲಿ ಬಾವಿ ಮುಗಿದ ಎರಡು ವರ್ಷಕ್ಕೆ ಅದರ ಮೂಲ ದತ್ತಾಂಶದ ಗೋಪ್ಯತೆ ಮುಗಿಯುತ್ತೆ. ವಿದ್ಯಾರ್ಥಿಯೊಬ್ಬ ಮನೆಯಲ್ಲೇ ಕೂತು ಪರಿಶೀಲಿಸಬಹುದು. ನಮ್ಮ ಸಂಸದರು ಪ್ರಶ್ನೋತ್ತರ ವೇಳೆಯಲ್ಲಿ ಕೇಳಬೇಕಾದ್ದು ಇಷ್ಟೇ: ಶ್ರೀ ವಿಜಯಪುರಂ-2ರ ಅನಿಲದ ಐಸೊಟೋಪ್ ಅಂಕಿ ಎಷ್ಟು, ಕಲ್ಲಿನ ರಾಕ್-ಇವ್ಯಾಲ್ ಫಲಿತಾಂಶ ಏನು, ಆ ಶೇ. 13ರಲ್ಲಿ ಏನಿದೆ?